ಅಪ್ಪನ ರೇಜರ್: ಎಸೆಯುವುದು ಯಾವುದು, ಉಳಿಸುವುದು ಯಾವುದು?

ಹಬ್ಬ ಹತ್ತಿರವಾಯಿತೆಂದರೆ ನಮ್ಮ ಮನೆಗಳಲ್ಲಿ ಎರಡು ಕೆಲಸಗಳು ಒಟ್ಟಿಗೇ ಆರಂಭವಾಗುತ್ತವೆ. ಒಂದು ತೊಳೆಯುವುದು, ಇನ್ನೊಂದು ಎಸೆಯುವುದು. ಗೋಡೆಗೆ ಸುಣ್ಣಬಣ್ಣ ಬಳಿಯುತ್ತೇವೆ, ಅಟ್ಟದ ಸಾಮಾನುಗಳನ್ನು ಕೆಳಗಿಳಿಸುತ್ತೇವೆ, ಕಪಾಟಿನ ಖಾನೆಗಳನ್ನು ಬರಿದು ಮಾಡುತ್ತೇವೆ. ಆಗ ತಗಡಿನ ಡಬ್ಬಿಯ ತಳದಲ್ಲೋ, ಹಳೆಯ ಟ್ರಂಕಿನ ಮೂಲೆಯಲ್ಲೋ ಒಂದು ಪುಟ್ಟ ವಸ್ತು ನಮ್ಮ ಕೈಗೆ ಸಿಗುವುದುಂಟು. ಹಸಿರು ಕಿಲುಬು ಹಿಡಿದಿರುತ್ತದೆ. ಒಣಗಿದ ಸೋಪು ಕಲ್ಲಿನಂತೆ ಮೆತ್ತಿಕೊಂಡಿರುತ್ತದೆ. ಒಳಗೆ ತುಕ್ಕು ತಿಂದ ಬ್ಲೇಡು ಸಿಕ್ಕಿಕೊಂಡಿರುತ್ತದೆ. ಅದು ತಾತನ ರೇಜರ್, ಇಲ್ಲವೇ ಅಪ್ಪನ ರೇಜರ್.

ಆ ಕ್ಷಣದಲ್ಲಿ ಮನೆಯಲ್ಲಿ ಮೂರು ಮಾತುಗಳು ಕೇಳಿಬರುತ್ತವೆ. ಮಗ ಹೇಳುತ್ತಾನೆ: "ಇದ್ಯಾಕೆ ಇನ್ನೂ ಇಟ್ಕೊಂಡಿದ್ದೀರಿ? ಗುಜರಿಗೆ ಹಾಕಿ." ಸೊಸೆ ಹೇಳುತ್ತಾಳೆ: "ಕೊಡಿ ಅತ್ತೆ, ಹುಣಸೆಹಣ್ಣು ಹಾಕಿ ಉಜ್ಜಿದ್ರೆ ಫಳಫಳ ಅನ್ನತ್ತೆ." ಅಮ್ಮ ಮಾತ್ರ ಏನೂ ಹೇಳದೆ ಅದನ್ನು ಸೆರಗಿನಲ್ಲಿ ಒರೆಸಿ ಮತ್ತೆ ಡಬ್ಬಿಯೊಳಗೆ ಇಡುತ್ತಾರೆ. ಒಬ್ಬರಿಗೆ ಅದು ಕಸ, ಇನ್ನೊಬ್ಬರಿಗೆ ಹೊಳೆಯಿಸಬೇಕಾದ ಪಾತ್ರೆ, ಮತ್ತೊಬ್ಬರಿಗೆ ಮುಟ್ಟಬಾರದ ನೆನಪು. ಮೂವರದೂ ಪ್ರೀತಿಯ ಮನೆಯೇ. ಆದರೆ ಮೂವರ ದಾರಿಯಲ್ಲೂ ಆ ರೇಜರ್ ಮತ್ತೆ ಬಳಕೆಗೆ ಬರುವುದಿಲ್ಲ. ಬಳಕೆಗೆ ತರುವ ನಾಲ್ಕನೆಯ ದಾರಿಯೊಂದಿದೆ. ಅದರ ಕುರಿತು ಇಂದು ನಾವು ಒಟ್ಟಾಗಿ ಯೋಚಿಸೋಣ.

ಪ್ರಿಯರೇ, ಈ ಉಪಕರಣದ ಹುಟ್ಟಿನ ಕಥೆಯನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು. ಒಂದು ಕಾಲದಲ್ಲಿ ಗಡ್ಡ ಹೆರೆಯಲು ಮಡಚುವ ಕತ್ತಿಯೊಂದೇ ಗತಿಯಾಗಿತ್ತು. ಅದನ್ನು ಸಾಣೆ ಹಿಡಿಯಬೇಕು, ಚರ್ಮದ ಪಟ್ಟಿಯ ಮೇಲೆ ದಿನವೂ ತೀಡಬೇಕು, ಕೈ ನಡುಗಿದರೆ ಕೆನ್ನೆ ಕೊಯ್ಯುತ್ತದೆ. ಅಲಗಿಗೆ ಕಾವಲು ಹಾಕಿ ಚರ್ಮವನ್ನು ಕಾಪಾಡುವ ಪ್ರಯತ್ನ 18ನೇ ಶತಮಾನದಲ್ಲೇ ಫ್ರಾನ್ಸಿನ ಜಾನ್ ಜಾಕ್ ಪೆರೆ ಎಂಬ ಕತ್ತಿ ತಯಾರಕನಿಂದ ನಡೆದಿತ್ತು. 1880ರಲ್ಲಿ ಅಮೆರಿಕದ ಕ್ಯಾಂಪ್ಫೆ ಸಹೋದರರು ಅಂಥದೇ ಒಂದು ಉಪಕರಣಕ್ಕೆ ಪೇಟೆಂಟ್ ಪಡೆದರು. ಆದರೂ ಅಲಗನ್ನು ಮಸೆಯುವ ಕಷ್ಟ ತಪ್ಪಿರಲಿಲ್ಲ.

ಅದನ್ನು ತಪ್ಪಿಸಿದವನು ಕಿಂಗ್ ಕ್ಯಾಂಪ್ ಜಿಲೆಟ್. ಬಾಟಲಿಗಳ ಮುಚ್ಚಳ ತಯಾರಿಸುವ ಕಂಪನಿಯ ಪರವಾಗಿ ಊರೂರು ತಿರುಗಿ ಮಾರಾಟ ಮಾಡುತ್ತಿದ್ದ ಮನುಷ್ಯ. ಒಮ್ಮೆ ಬಳಸಿ ಎಸೆಯುವ ವಸ್ತುವನ್ನು ಕಂಡುಹಿಡಿದರೆ ಗಿರಾಕಿ ಮತ್ತೆ ಮತ್ತೆ ಬರುತ್ತಾನೆ ಎಂಬ ಮಾತನ್ನು, ಆ ಮುಚ್ಚಳವನ್ನೇ ಕಂಡುಹಿಡಿದ ವಿಲಿಯಂ ಪೇಂಟರ್‌ನಿಂದ ಆತ ಕೇಳಿದ್ದ. 1895ರಲ್ಲಿ ಅವನಿಗೆ ಕಾಗದದಂಥ ತೆಳು ಉಕ್ಕಿನ ಅಲಗಿನ ಕಲ್ಪನೆ ಹೊಳೆಯಿತು. ಅಷ್ಟು ತೆಳುವಾದ ಉಕ್ಕನ್ನು ಗಟ್ಟಿಗೊಳಿಸಿ ಹರಿತ ಮಾಡುವುದು ಹೇಗೆಂದು ಯಾರಿಗೂ ತೋಚಲಿಲ್ಲ. ಎಂ.ಐ.ಟಿ.ಯಲ್ಲಿ ಓದಿದ್ದ ವಿಲಿಯಂ ನಿಕರ್ಸನ್ ಎಂಬ ಕುಶಲಿ ಅದನ್ನು ಸಾಧಿಸಿದ. 1903ರಲ್ಲಿ ಮಾರಾಟವಾದದ್ದು ಕೇವಲ 51 ರೇಜರ್ ಮತ್ತು 168 ಬ್ಲೇಡು. ಮರುವರ್ಷ ಆ ಸಂಖ್ಯೆ ತೊಂಬತ್ತು ಸಾವಿರವನ್ನು ದಾಟಿತು. 1904ರ ನವೆಂಬರ್ 15ರಂದು ಪೇಟೆಂಟ್ ದೊರೆಯಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ತನ್ನ ಸೈನಿಕರಿಗಾಗಿ ಸುಮಾರು 35 ಲಕ್ಷ ರೇಜರ್‌ಗಳನ್ನು ಒದಗಿಸಿತು. ವಿಷಾನಿಲದಿಂದ ಉಳಿಯಲು ತೊಡುವ ಮುಖವಾಡ ಬಿಗಿಯಾಗಿ ಕೂರಬೇಕಾದರೆ ಮುಖದ ಮೇಲೆ ಗಡ್ಡ ಇರಬಾರದಲ್ಲವೇ? ಯುದ್ಧ ಮುಗಿಸಿ ಮನೆಗೆ ಮರಳಿದವರು ಆ ಅಭ್ಯಾಸವನ್ನೂ ಜೊತೆಗೆ ತಂದರು.

ಇಲ್ಲಿ ಒಂದು ವಿಷಯವನ್ನು ನಾವು ಗಮನಿಸಬೇಕು. "ಬಳಸಿ ಎಸೆ" ಎಂಬುದನ್ನು ವ್ಯಾಪಾರವಾಗಿಸಿದ ಈ ಮನುಷ್ಯ ಎಸೆಯಲೆಂದು ಮಾಡಿದ್ದು ಬ್ಲೇಡನ್ನು ಮಾತ್ರ. ಹಿಡಿಯನ್ನು ಹಿತ್ತಾಳೆಯಲ್ಲಿ ಮಾಡಿಸಿದ. ಅದರ ಮೇಲೆ ಬೆಳ್ಳಿಯ ಲೇಪ, ನಿಕ್ಕಲ್ ಲೇಪ, ಕೆಲವಕ್ಕೆ ಚಿನ್ನದ ನೀರು ಹಾಕಿಸಿದ. ಹಿಡಿ ಒಬ್ಬನ ಆಯುಷ್ಯ ಪೂರ್ತಿ ಉಳಿಯಬೇಕು, ಬ್ಲೇಡು ವಾರದಲ್ಲಿ ಹೋಗಬೇಕು. ಎರಡರ ನಡುವಿನ ಗೆರೆ ಸ್ಪಷ್ಟವಾಗಿತ್ತು. 1970ರ ದಶಕದ ನಡುವಿನಲ್ಲಿ ಪ್ಲಾಸ್ಟಿಕ್ ಹಿಡಿಯ, ಪೂರ್ತಿಯಾಗಿ ಬಿಸಾಡುವ ರೇಜರ್‌ಗಳು ಬಂದವು. ಆಗ ಆ ಗೆರೆ ಅಳಿಸಿಹೋಯಿತು. ಬ್ಲೇಡಿನ ಜೊತೆಗೆ ಹಿಡಿಯನ್ನೂ ಎಸೆಯುವುದನ್ನು ನಾವು ಕಲಿತೆವು.

ಹಳೆಯ ರೇಜರನ್ನು ಮತ್ತೆ ಬಳಕೆಗೆ ತರುವುದೆಂದರೆ ಆ ಅಳಿಸಿಹೋದ ಗೆರೆಯನ್ನು ಮತ್ತೆ ಎಳೆಯುವುದು. ಹೋಗಬೇಕಾದದ್ದು ಯಾವುದು, ಉಳಿಯಬೇಕಾದದ್ದು ಯಾವುದು ಎಂದು ವಿವೇಚಿಸುವುದು. ಈ ಕೆಲಸದಲ್ಲಿ ಕೈಚಳಕಕ್ಕಿಂತ ವಿವೇಚನೆಯೇ ಹೆಚ್ಚು ಬೇಕು.

ಮೊದಲನೆಯದಾಗಿ, ಕೈ ಹಾಕುವ ಮುನ್ನ ಅದನ್ನು ಗುರುತಿಸಬೇಕು.

ನಮ್ಮ ಮನೆಗಳಲ್ಲಿ ಸಿಗುವ ಹಳೆಯ ರೇಜರ್‌ಗಳು ಸಾಮಾನ್ಯವಾಗಿ ಎರಡು ಬಗೆಯವು. ಒಂದು, ಮೂರು ತುಂಡುಗಳಾಗಿ ಬಿಚ್ಚಿಕೊಳ್ಳುವಂಥದು: ಮೇಲಿನ ಮುಚ್ಚಳ, ಅದರಡಿಯ ತಟ್ಟೆ, ಕೆಳಗೆ ಹಿಡಿ. 1938ರಲ್ಲಿ ಬಂದ ಜಿಲೆಟ್ 'ಟೆಕ್' ಈ ಬಗೆಯದು. ಇನ್ನೊಂದು, ಹಿಡಿಯ ಬುಡದ ಗುಬುಟನ್ನು ತಿರುಗಿಸಿದರೆ ಮೇಲ್ಭಾಗ ಎರಡು ಪುಟ್ಟ ಬಾಗಿಲುಗಳಂತೆ ತೆರೆದುಕೊಳ್ಳುವಂಥದು. ಈ ಬಗೆ 1934ರಲ್ಲಿ ಆರಂಭವಾಯಿತು. ಹೆಚ್ಚು ಹೆಸರಾದ 'ಸೂಪರ್ ಸ್ಪೀಡ್' 1947ರಲ್ಲಿ ಬಂತು. ಅಮೆರಿಕದಲ್ಲಿ ತಯಾರಾದ ಜಿಲೆಟ್ ರೇಜರ್ ಆಗಿದ್ದರೆ, ಅದರ ತಲೆಯ ಅಡಿಭಾಗವನ್ನು ಭೂತಗನ್ನಡಿಯಲ್ಲಿ ನೋಡಿರಿ. ಒಂದು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಒಂದು ಅಂಕಿ ಕಾಣಬಹುದು. 1950ರ ಕೊನೆಯ ತಿಂಗಳುಗಳಿಂದ ಹಾಕಲಾರಂಭಿಸಿದ ಗುರುತು ಅದು. ಅಕ್ಷರ ವರ್ಷವನ್ನು, ಅಂಕಿ ಆ ವರ್ಷದ ತ್ರೈಮಾಸಿಕವನ್ನು ಸೂಚಿಸುತ್ತದೆ. 'ಎ' ಎಂದರೆ 1955, 'ಬಿ' ಎಂದರೆ 1956. ಅಪ್ಪ ಹುಟ್ಟಿದ ವರ್ಷವೋ, ತಾತನ ಮದುವೆಯ ವರ್ಷವೋ ಅಲ್ಲಿ ಅಡಗಿರಬಹುದು. ಇಷ್ಟು ತಿಳಿದ ಮೇಲೆ "ಗುಜರಿಗೆ ಹಾಕಿ" ಎಂದ ಮಗನೇ ಭೂತಗನ್ನಡಿ ಹಿಡಿದು ಕೂರುವುದುಂಟು. ಹೆಸರು, ವಯಸ್ಸು ತಿಳಿಯದಿರುವ ತನಕ ಯಾವುದನ್ನಾದರೂ ಎಸೆಯುವುದು ಸುಲಭ.

ಲೋಹವನ್ನೂ ಗುರುತಿಸಬೇಕು. ಹಿತ್ತಾಳೆಗೆ ತುಕ್ಕು ಹಿಡಿಯುವುದಿಲ್ಲ, ಕಿಲುಬು ಹಿಡಿಯುತ್ತದೆ ಎಂಬುದು ನಮ್ಮ ತಾಯಂದಿರಿಗೆ ಗೊತ್ತಿರುವ ಸಂಗತಿಯೇ. ಹಾಗಾದರೆ ರೇಜರಿನ ಮೇಲೆ ಕಾಣುವ ಕೆಂಪು ತುಕ್ಕು ಎಲ್ಲಿಂದ ಬಂತು? ಬಹುಪಾಲು ಒಳಗೆ ಬಿಟ್ಟಿದ್ದ ಬ್ಲೇಡಿನಿಂದ. ಹಳೆಯ ಬ್ಲೇಡುಗಳು ಕಾರ್ಬನ್ ಉಕ್ಕಿನವು. ತುಕ್ಕು ಹಿಡಿಯದ ಉಕ್ಕಿನ ಬ್ಲೇಡುಗಳು ವ್ಯಾಪಕವಾಗಿ ಬಂದದ್ದು 1960ರ ದಶಕದಲ್ಲಿ. ಅಂದರೆ "ರೇಜರ್ ತುಕ್ಕು ಹಿಡಿದಿದೆ" ಎಂದು ನಾವು ತೀರ್ಪು ಕೊಡುವಾಗ, ತುಕ್ಕು ಬ್ಲೇಡಿನದು, ಕೆಟ್ಟ ಹೆಸರು ಹಿಡಿಯದು. ಮನುಷ್ಯರ ವಿಷಯದಲ್ಲೂ ಇಂಥ ತೀರ್ಪು ಕೊಡುವವರು ನಾವಲ್ಲವೇ? ಸಹವಾಸದಿಂದ ಅಂಟಿದ ಕಲೆಯನ್ನು ಹುಟ್ಟುಗುಣವೆಂದು ತಿಳಿದು ಎಷ್ಟು ಜನರನ್ನು ನಾವು ದೂರವಿಟ್ಟಿಲ್ಲ?

ಎರಡನೆಯದಾಗಿ, ತೊಳೆಯಬೇಕು. ತೊಳೆಯುವ ಬಗೆ ಮೃದುವಾಗಿರಬೇಕು.

ನಮ್ಮ ಮನೆಗಳಲ್ಲಿ ಹಿತ್ತಾಳೆ ಕಂಡರೆ ಹುಣಸೆಹಣ್ಣು, ಬೂದಿ, ತೆಂಗಿನ ನಾರು ನೆನಪಾಗುತ್ತವೆ. ಹಬ್ಬಕ್ಕೆ ಮುಂಚೆ ಮೇಣದಬತ್ತಿಯ ಕಂಬಗಳನ್ನೂ ನೀರಿನ ಕೊಡಗಳನ್ನೂ ಹಾಗೆಯೇ ಬೆಳಗುತ್ತೇವೆ. ಆದರೆ ಕೊಡ ಒಳಗೂ ಹೊರಗೂ ಹಿತ್ತಾಳೆಯೇ. ಎಷ್ಟು ಉಜ್ಜಿದರೂ ಕೆಳಗಿನಿಂದ ಬರುವುದು ಹಿತ್ತಾಳೆಯೇ. ರೇಜರ್ ಹಾಗಲ್ಲ. ಅದರ ಮೇಲಿರುವ ನಿಕ್ಕಲ್ ಲೇಪ ತೆಳು, ಚಿನ್ನದ ನೀರಂತೂ ಇನ್ನೂ ತೆಳು. ಹುಳಿ ಹಚ್ಚಿ ಬೂದಿಯಲ್ಲಿ ಉಜ್ಜಿದರೆ ಕೊಳೆಯ ಜೊತೆಗೆ ಲೇಪವೂ ಹೊರಟುಹೋಗುತ್ತದೆ. ಕೈಯಲ್ಲಿ ಫಳಫಳ ಹೊಳೆಯುವ ಹಳದಿ ಹಿತ್ತಾಳೆ ಉಳಿಯುತ್ತದೆ. ಹೊಳಪು ಬಂತೆಂದು ನಾವು ಸಂತೋಷಪಡುತ್ತೇವೆ. ನಿಜವಾಗಿ ಅರವತ್ತು ವರ್ಷ ಬಾಳಿದ ಚಿನ್ನದ ಲೇಪ ಆ ಹತ್ತು ನಿಮಿಷಗಳಲ್ಲಿ ಚರಂಡಿ ಸೇರಿರುತ್ತದೆ. ಅದನ್ನು ಮರಳಿ ತರಲಾಗದು.

ಹಾಗಾದರೆ ಏನು ಮಾಡಬೇಕು? ಮೊದಲು ಬ್ಲೇಡನ್ನು ಎಚ್ಚರಿಕೆಯಿಂದ ಹೊರತೆಗೆಯಬೇಕು. ಹರಿತ ಇರುವುದು ಉದ್ದದ ಎರಡು ಅಂಚುಗಳಲ್ಲಿ, ಆದ್ದರಿಂದ ಗಿಡ್ಡ ಬದಿಗಳನ್ನು ಹಿಡಿಯಬೇಕು. ಅಂಟಿಕೊಂಡಿದ್ದರೆ ಎಳೆಯಬಾರದು, ನೀರಿನಲ್ಲಿ ನೆನೆಯಲು ಬಿಡಬೇಕು. ಆಮೇಲೆ ಒಂದು ಬಟ್ಟಲಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಪಾತ್ರೆ ತೊಳೆಯುವ ದ್ರಾವಣದ ಕೆಲವು ಹನಿ ಬೆರೆಸಿ, ರೇಜರನ್ನು ಅರ್ಧ ಗಂಟೆಯಾದರೂ ಮುಳುಗಿಸಿಡಬೇಕು. ನಂತರ ಮೆತ್ತನೆಯ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಬೇಕು. ಒಂದೇ ಸಲಕ್ಕೆ ಪೂರ್ತಿ ಹೋಗದಿದ್ದರೆ ಮತ್ತೆ ನೆನೆಸಿ, ಮತ್ತೆ ತಿಕ್ಕಬೇಕು. ಹಿಡಿಯ ಮೇಲಿನ ಗೀರುಗಳ ಸಂದಿಯಲ್ಲಿರುವ ಕೊಳೆಗೆ ಮರದ ಹಲ್ಲುಕಡ್ಡಿ ಸಾಕು. ಸೂಜಿ, ಚಾಕು, ಉಕ್ಕಿನ ನಾರು ಬೇಡ.

ರೇಜರಿಗೆ ಮೆತ್ತಿರುವ ಆ ಬಿಳಿಯ ಗಟ್ಟಿ ಪದರವನ್ನು ನಾವು ಕೊಳೆ ಎನ್ನುತ್ತೇವೆ. ಅದು ಗಡಸು ನೀರಿನ ಸುಣ್ಣ ಮತ್ತು ಸೋಪಿನ ಕೊಬ್ಬು ಸೇರಿ ಆದ ಪದಾರ್ಥ. ಕೊಳವೆ ಬಾವಿಯ ನೀರು ಬಳಸುವ ನಮ್ಮ ಮನೆಗಳಲ್ಲಿ ಬಕೆಟ್ಟಿನ ಅಂಚಿಗೆ ಕಟ್ಟಿಕೊಳ್ಳುವುದೂ ಇದೇ. ಬರೀ ಸೋಪಿಗೆ ಇದು ಜಗ್ಗದಿದ್ದರೆ, ನಿಕ್ಕಲ್ ಲೇಪದ ರೇಜರಿಗೆ ನೀರು ಬೆರೆಸಿದ ವಿನೆಗರ್ ಅನ್ನು ಕೆಲವೇ ನಿಮಿಷಗಳ ಕಾಲ ಹಚ್ಚಿ ಕೂಡಲೇ ತೊಳೆಯಬಹುದು. ಗಡಿಯಾರ ನೋಡಿಕೊಂಡು ಮಾಡಬೇಕಾದ ಕೆಲಸ ಇದು. ರಾತ್ರಿಯಿಡೀ ಹುಳಿಯಲ್ಲಿ ನೆನೆಸಿಟ್ಟರೆ ಲೇಪ ಮಂಕಾಗುತ್ತದೆ, ಗುಳಿ ಬೀಳುತ್ತದೆ. ಚಿನ್ನದ ನೀರು ಹಾಕಿದ್ದಕ್ಕೆ ವಿನೆಗರ್ ಬೇಡವೇ ಬೇಡ. ಬಟ್ಟೆ ಬಿಳುಪು ಮಾಡುವ ಬ್ಲೀಚ್ ಸಹ ಬೇಡ. ಅಲ್ಯುಮಿನಿಯಂ ಹಿಡಿಯಾದರೆ ವಾಷಿಂಗ್ ಸೋಡ ಬೇಡ, ಅದು ಆ ಲೋಹವನ್ನೇ ತಿನ್ನುತ್ತದೆ. ಕುದಿಯುವ ನೀರನ್ನೂ ದೂರವಿಡಬೇಕು. 1958ರಿಂದ ಬಂದ, ಅಂಕಿ ತಿರುಗಿಸಿ ಅಲಗಿನ ಅಂತರ ಹೊಂದಿಸುವ ರೇಜರ್‌ಗಳಲ್ಲಿ ಅಂಕಿಗಳಿಗೆ ಹಚ್ಚಿದ ಬಣ್ಣ ಎದ್ದುಹೋಗಬಹುದು.

ಅಮೋನಿಯದ ಬಗೆಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಈ ಪಾಠವನ್ನು ಲೋಕ ಕಲಿತದ್ದು ನಮ್ಮ ದೇಶದಲ್ಲಿ. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಸೈನ್ಯದ ಹಿತ್ತಾಳೆ ತೋಟಾಗಳನ್ನು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಹೊರಗೆ ತೆಗೆದಾಗ ಕೆಲವು ತಾವಾಗಿಯೇ ಬಿರುಕು ಬಿಟ್ಟಿರುತ್ತಿದ್ದವು. ಮಳೆಗಾಲದಲ್ಲಿ ಕಾಣಿಸಿಕೊಂಡದ್ದರಿಂದ 'ಸೀಸನ್ ಕ್ರ್ಯಾಕಿಂಗ್' ಎಂಬ ಹೆಸರು ಅಂಟಿತು. ಕಾರಣ ಸ್ಪಷ್ಟವಾದದ್ದು 1921ರಲ್ಲಿ. ಕುದುರೆಯ ಮೂತ್ರದಿಂದ ಏಳುವ ಅಮೋನಿಯ, ತಯಾರಿಕೆಯ ವೇಳೆ ಹಿತ್ತಾಳೆಯೊಳಗೆ ಉಳಿದುಹೋದ ಬಿಗಿತದ ಜೊತೆ ಸೇರಿ ಲೋಹವನ್ನು ಸೀಳುತ್ತಿತ್ತು. ಹಳೆಯ ರೇಜರ್‌ಗಳ ತೆಳು ಕೊಳವೆಯಂಥ ಹಿಡಿಗಳಲ್ಲೂ ಉದ್ದಕ್ಕೆ ಕೂದಲೆಳೆಯಂಥ ಬಿರುಕುಗಳು ಕಾಣಸಿಗುತ್ತವೆ. ಆದ್ದರಿಂದ ಅಮೋನಿಯ ಸೇರಿಸಿದ ಗಾಜು ತೊಳೆಯುವ ದ್ರಾವಣಗಳನ್ನು ಇದರ ಹತ್ತಿರ ತರಬಾರದು. ಹೊರಗಿನ ಒಂದು ಘಾಟು, ಒಳಗೆ ಮೊದಲೇ ಇದ್ದ ಬಿಗಿತ, ಎರಡೂ ಸೇರಿದಾಗ ಗಟ್ಟಿಯಾದದ್ದೂ ಸೀಳುತ್ತದೆ. ಸಂಸಾರ ನಡೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಿರುಗಿಸಿ ತೆರೆಯುವ ಬಗೆಯದಾಗಿದ್ದು ಗುಬುಟು ಅಲ್ಲಾಡದಿದ್ದರೆ ಇಕ್ಕುಳ ಹಿಡಿಯುವ ಮನಸ್ಸಾಗುತ್ತದೆ. ತಾಳ್ಮೆ ಬೇಕು. ಅದನ್ನು ಹಿಡಿದಿರುವುದು ವರ್ಷಗಳ ಸೋಪು. ಬೆಚ್ಚಗಿನ ಸೋಪು ನೀರಿನಲ್ಲಿ ನೆನೆಸುತ್ತಾ, ಬೆರಳಿನಿಂದಲೇ ಸ್ವಲ್ಪ ಸ್ವಲ್ಪ ಆಡಿಸುತ್ತಾ ಹೋದರೆ ಎರಡು ಮೂರು ದಿನಗಳಲ್ಲಾದರೂ ಬಿಟ್ಟುಕೊಳ್ಳುವುದುಂಟು. ಚೆನ್ನಾಗಿ ಒಣಗಿದ ಮೇಲೆ ಹೊಲಿಗೆ ಯಂತ್ರಕ್ಕೆ ಹಾಕುವ ಎಣ್ಣೆಯ ಒಂದೇ ಒಂದು ಹನಿಯನ್ನು ತಿರುಪಿನ ಒಳಗೆ ಬಿಟ್ಟು, ಹೊರಗೆ ಬಂದದ್ದನ್ನು ಒರೆಸಿ ತೆಗೆಯಬೇಕು.

ಕೊನೆಯಲ್ಲಿ ಸೋಂಕು ನಿವಾರಣೆ. ರೇಜರ್ ರಕ್ತ ಮುಟ್ಟುವ ವಸ್ತು. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ ಏಳು ದಿನ ಬದುಕಿರಬಲ್ಲದು. ದಶಕಗಳ ಕಾಲ ಅಟ್ಟದಲ್ಲಿದ್ದ ರೇಜರಿನಲ್ಲಿ ಆ ಭಯವಿಲ್ಲವಾದರೂ, ತೊಳೆದು ಒಣಗಿಸಿದ ಮೇಲೆ ಔಷಧದ ಅಂಗಡಿಯಲ್ಲಿ ಸಿಗುವ ಸ್ಪಿರಿಟ್‌ನಲ್ಲಿ ಹತ್ತು ನಿಮಿಷ ಮುಳುಗಿಸಿ ಗಾಳಿಗೆ ಆರಿಸುವುದು ಕ್ಷೇಮ. ಹತ್ತಿರದಲ್ಲಿ ಬೆಂಕಿ ಇರಕೂಡದು. ಒಂದು ಮಾತು ಮರೆಯಬೇಡಿ: ಒಬ್ಬರು ಬಳಸಿದ ಬ್ಲೇಡನ್ನು ಇನ್ನೊಬ್ಬರು ಬಳಸಬಾರದು. ತಂದೆ ಮಕ್ಕಳಾದರೂ ಅಷ್ಟೇ, ಅಣ್ಣ ತಮ್ಮಂದಿರಾದರೂ ಅಷ್ಟೇ.

ಮೂರನೆಯದಾಗಿ, ಎಲ್ಲಿ ನಿಲ್ಲಿಸಬೇಕೆಂದು ತಿಳಿದಿರಬೇಕು.

ಪ್ರಿಯರೇ, ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ಇದೇ. ಕೊಳೆ ಹೋಗಿದೆ, ಕಿಲುಬು ಹೋಗಿದೆ, ಗುಬುಟು ಸಲೀಸಾಗಿ ತಿರುಗುತ್ತಿದೆ. ಆದರೆ ಹಿಡಿಯ ಒಂದು ಕಡೆ ಚಿನ್ನದ ಬಣ್ಣ ಸವೆದು ಹಿತ್ತಾಳೆ ಕಾಣುತ್ತಿದೆ. ಇನ್ನೂ ಸ್ವಲ್ಪ ಪಾಲಿಶ್ ಮಾಡೋಣ, ಹೊಸದರಂತೆ ಮಾಡೋಣ ಎಂದು ಮನಸ್ಸು ಹೇಳುತ್ತದೆ. ಅಲ್ಲೊಮ್ಮೆ ನಿಂತು ನೋಡಿರಿ. ಸವೆದಿರುವ ಜಾಗ ಯಾವುದು? ಹೆಬ್ಬೆರಳೂ ತೋರುಬೆರಳೂ ಕೂರುವ ಜಾಗ. ನಿಮ್ಮ ಬೆರಳನ್ನು ಅಲ್ಲಿಟ್ಟರೆ ಸರಿಯಾಗಿ ಕೂರುತ್ತದೆ. ಆ ಸವೆತ ಅಂಗಡಿಯಿಂದ ಬಂದದ್ದಲ್ಲ. ಕೆಲಸಕ್ಕೆ ಹೊರಡುವ ಸಾವಿರಾರು ಬೆಳಗುಗಳಲ್ಲಿ, ಹಬ್ಬದ ಮುಂಜಾವುಗಳಲ್ಲಿ, ಮಗಳ ಮದುವೆಯ ದಿನ, ಬಹುಶಃ ತನ್ನ ತಂದೆಯ ಮಣ್ಣಿಗೆ ಹೊರಟ ದಿನ, ಒಬ್ಬ ಮನುಷ್ಯನ ಕೈ ಅಲ್ಲಿ ಕೂತಿತ್ತು. ಕಿಲುಬು ಅವನು ಬಿಟ್ಟುಹೋದ ಮೇಲೆ ಬಂದದ್ದು, ಅದು ಹೋಗಲಿ. ಸವೆತ ಅವನಿದ್ದಾಗ ಆದದ್ದು, ಅದು ಇರಲಿ. ಅಮ್ಮ ಏನೂ ಹೇಳದೆ ಡಬ್ಬಿಗೆ ಮರಳಿಸಿದ್ದು ಬಹುಶಃ ಇದನ್ನೇ.

ಮತ್ತೆ ಲೇಪ ಹಾಕಿಸಿಕೊಡುವ ಕುಶಲಿಗಳು ಇದ್ದಾರೆ. ಲೇಪ ಪೂರ್ತಿ ಎದ್ದು, ಚಕ್ಕೆಗಳ ಅಂಚು ಚರ್ಮಕ್ಕೆ ತಾಗುವಂತಿದ್ದರೆ ಹಾಗೆ ಮಾಡಿಸುವುದು ಸರಿ. ಆದರೆ ಹೊಸ ಲೇಪ ಹಾಕುವ ಮುನ್ನ ಹಳೆಯದನ್ನು ಕಿತ್ತು, ಲೋಹವನ್ನು ತೀಡಿ ನಯ ಮಾಡಬೇಕಾಗುತ್ತದೆ. ಜೊತೆಗೆ ಸೂಕ್ಷ್ಮ ಗೀರುಗಳೂ ಅಚ್ಚಾದ ಅಕ್ಷರಗಳ ಸ್ಪಷ್ಟತೆಯೂ ಸ್ವಲ್ಪ ಹೋಗುತ್ತವೆ. ಮನೆಯವರೆಲ್ಲ ಕೂತು ಮಾತಾಡಿ, ಮುಖ್ಯವಾಗಿ ಅಮ್ಮನನ್ನು ಕೇಳಿ, ಆಮೇಲೆ ನಿರ್ಧರಿಸಬೇಕಾದ ವಿಷಯ ಇದು.

ಇನ್ನೊಂದು ಬಗೆಯ ನಿಲುಗಡೆಯೂ ಇದೆ. ಎಲ್ಲವನ್ನೂ ಬಳಕೆಗೆ ತರಲಾಗದು. ಹೊಸ ಬ್ಲೇಡು ಹಾಕಿ ಬದಿಯಿಂದ ನೋಡಿರಿ. ಎರಡೂ ಕಡೆ ಅಲಗು ಸಮನಾಗಿ ಇಣುಕಬೇಕು. ಒಂದು ಕಡೆ ಹೆಚ್ಚಿದ್ದರೆ ಬಿಚ್ಚಿ ಮತ್ತೆ ಕೂರಿಸಿ ನೋಡಬೇಕು. ಆಗಲೂ ಹಾಗೆಯೇ ಇದ್ದರೆ ತಟ್ಟೆ ಬಾಗಿದೆ ಎಂದರ್ಥ, ಎಂದೋ ಕೈತಪ್ಪಿ ನೆಲಕ್ಕೆ ಬಿದ್ದಿರಬೇಕು. ಅಂಥದು, ತಿರುಪು ಸವೆದು ಬಿಗಿ ನಿಲ್ಲದಂಥದು, ಹಿಡಿ ಸೀಳಿದಂಥದು, ಇವು ಮುಖಕ್ಕೆ ಬೇಡ. ನೆನಪಾಗಿ ಇಟ್ಟುಕೊಳ್ಳೋಣ. ಇದರಿಂದ ಕ್ಷೌರ ಮಾಡಿಕೊಳ್ಳಲೇಬೇಕೆಂದು ಹಠ ಹಿಡಿದು ಕೆನ್ನೆ ಕೊಯ್ದುಕೊಂಡರೆ ಅಪ್ಪನಿಗೆ ತೋರಿದ ಗೌರವವಾಗದು.

ನಾಲ್ಕನೆಯದಾಗಿ, ಚೆನ್ನಾಗಿರುವುದನ್ನು ಬಳಸಬೇಕು.

ಇಲ್ಲಿ ಒಂದು ಸೋಜಿಗದ ಸಂಗತಿ ಇದೆ. ಸುಮಾರು 43 ಮಿಲಿಮೀಟರ್ ಉದ್ದ, 22 ಮಿಲಿಮೀಟರ್ ಅಗಲ, ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪ: ಇದು ಇಂದಿನ ಎರಡಲಗಿನ ಬ್ಲೇಡು. ಮೊದಮೊದಲ ಬ್ಲೇಡುಗಳಲ್ಲಿ ಮೂರು ದುಂಡು ತೂತುಗಳಿದ್ದವು, ಇಂದು ಉದ್ದನೆಯ ಸೀಳು ಇದೆ. ಆದರೂ ನಮ್ಮ ಊರಿನ ಕಿರಾಣಿ ಅಂಗಡಿಯಲ್ಲಿ ಇಂದು ಕೊಂಡ ಬ್ಲೇಡು 1904ರಲ್ಲಿ ಮಾಡಿದ ರೇಜರಿನಲ್ಲೂ ಸರಿಯಾಗಿ ಕೂರುತ್ತದೆ. ನೂರಿಪ್ಪತ್ತು ವರ್ಷಗಳಲ್ಲಿ ಎಷ್ಟೋ ಬಗೆಯ ರೇಜರ್‌ಗಳು ಬಂದವು. 1971ರಲ್ಲಿ ಜೋಡಿ ಅಲಗು, 1998ರಲ್ಲಿ ಮೂರು ಅಲಗು, 2006ರಲ್ಲಿ ಐದು ಅಲಗು. ಒಂದಕ್ಕೆ ಮಾಡಿದ ಅಲಗಿನ ತುಂಡು ಇನ್ನೊಂದಕ್ಕೆ ಸುಲಭವಾಗಿ ಹೊಂದುವುದಿಲ್ಲ. ಆದರೆ ತಾತನ ರೇಜರಿಗೆ ಬೇಕಾದ ಬ್ಲೇಡು ಮೊಮ್ಮಗನ ಕಾಲಕ್ಕೂ ಬಂದಿದೆ.

ಆದರೆ ಅದನ್ನು ಹಿಡಿಯುವ ರೀತಿ ಬೇರೆ. ಪ್ಲಾಸ್ಟಿಕ್ ರೇಜರಿಗೆ ಒಗ್ಗಿದ ಕೈ ಒತ್ತಲು ಕಲಿತಿರುತ್ತದೆ. ಇದನ್ನು ಒತ್ತಿದರೆ ರಕ್ತ ಬರುತ್ತದೆ. ಬೆಚ್ಚಗಿನ ನೀರಿನಿಂದ ಎರಡು ಮೂರು ನಿಮಿಷ ಗಡ್ಡವನ್ನು ನೆನೆಸಬೇಕು, ನೀರು ಕುಡಿದ ಕೂದಲು ಮೆತ್ತಗಾಗುತ್ತದೆ. ಬ್ರಷ್‌ನಿಂದ ನೊರೆ ಎಬ್ಬಿಸಬೇಕು. ಹಿಡಿಯನ್ನು ಚರ್ಮಕ್ಕೆ ಸುಮಾರು ಮೂವತ್ತು ಡಿಗ್ರಿ ಕೋನದಲ್ಲಿ ಹಿಡಿದು, ಕೂದಲು ಬೆಳೆದ ದಿಕ್ಕಿನಲ್ಲಿ ಸಣ್ಣ ಸಣ್ಣದಾಗಿ ಎಳೆಯಬೇಕು. ಹಿತ್ತಾಳೆಯ ಭಾರವೇ ಕೆಲಸ ಮಾಡುತ್ತದೆ, ಕೈ ಬರೀ ದಾರಿ ತೋರಿಸಬೇಕು. ಮೀಸೆ ಚಿಗುರುತ್ತಿರುವ ಮಗನಿಗೆ ಇದನ್ನು ಕಲಿಸಲು ಪಕ್ಕದಲ್ಲಿ ಒಬ್ಬರು ನಿಲ್ಲಬೇಕಾಗುತ್ತದೆ. ಅಪ್ಪನೋ ಚಿಕ್ಕಪ್ಪನೋ ಸೋದರಮಾವನೋ ಕನ್ನಡಿಯ ಮುಂದೆ ಅವನ ಪಕ್ಕ ನಿಂತು, "ಒತ್ತಬೇಡ ಕಣೋ, ನಿಧಾನ" ಎಂದು ಹೇಳಬೇಕಾಗುತ್ತದೆ. ಇಂದಿನ ದಿನಗಳಲ್ಲಿ ತಂದೆ ಮಕ್ಕಳು ಒಂದೇ ಮನೆಯಲ್ಲಿದ್ದೂ ಹೀಗೆ ಹತ್ತು ನಿಮಿಷ ಜೊತೆಯಾಗಿ ನಿಲ್ಲುವುದು ಎಷ್ಟು ಅಪರೂಪವಾಗಿದೆ ಎಂದು ನಾವು ಯೋಚಿಸಬೇಕು. ಕೆಲಸವಾದ ಮೇಲೆ ರೇಜರನ್ನು ತೊಳೆದು, ನೀರು ಕೊಡವಿ, ಒಣಗುವಂತೆ ಇಟ್ಟರೆ ಮತ್ತೆ ಸುಣ್ಣ ಕಟ್ಟುವುದಿಲ್ಲ.

ಕೊನೆಯದಾಗಿ, ಎಸೆಯುವುದರ ಬಗೆಗೂ ಮಾತಾಡಲೇಬೇಕು. ಹಿಡಿಯನ್ನು ಉಳಿಸಿದೆವು ಎಂದು ಹೆಮ್ಮೆಪಟ್ಟು, ಬ್ಲೇಡನ್ನು ಬರಿದಾಗಿ ಕಸದ ಬುಟ್ಟಿಗೆ ಹಾಕಿದರೆ ನಮ್ಮ ವಿವೇಚನೆ ಅರ್ಧಕ್ಕೇ ನಿಂತಂತೆ. ಹಿಂದೆ ಅಮೆರಿಕದ ಅನೇಕ ಮನೆಗಳ ಸ್ನಾನದ ಕೋಣೆಯಲ್ಲಿ, ಔಷಧದ ಗೂಡಿನ ಹಿಂಬದಿಯಲ್ಲಿ ಒಂದು ಸಣ್ಣ ಸೀಳು ಇರುತ್ತಿತ್ತು. ಹಳೆಯ ಬ್ಲೇಡನ್ನು ಅದರೊಳಗೆ ಜಾರಿಸಿದರೆ ಗೋಡೆಯ ಪೊಳ್ಳಿನಲ್ಲಿ ಬೀಳುತ್ತಿತ್ತು. ಇಂದಿಗೂ ಹಳೆಯ ಮನೆ ಒಡೆಯುವವರಿಗೆ ಗೋಡೆಯೊಳಗೆ ತುಕ್ಕು ಹಿಡಿದ ಬ್ಲೇಡುಗಳ ರಾಶಿ ಸಿಗುತ್ತದೆ. ಕಣ್ಣಿಗೆ ಕಾಣದಾದರೆ ಮುಗಿಯಿತು ಎಂದುಕೊಂಡವರ ಲೆಕ್ಕವನ್ನು ಇನ್ನೊಬ್ಬರ ಕೈ ತೀರಿಸಬೇಕಾಗಿ ಬಂತು. ನಮ್ಮಲ್ಲಿ ಗೋಡೆಯ ಸೀಳಿಲ್ಲ. ನಮ್ಮ ಬ್ಲೇಡು ನೇರವಾಗಿ ಕಸದ ಚೀಲಕ್ಕೆ ಹೋಗುತ್ತದೆ. ಮರುದಿನ ಬೆಳಿಗ್ಗೆ ಆ ಚೀಲದೊಳಗೆ ಕೈ ಹಾಕಿ ಹಸಿ ಕಸ, ಒಣ ಕಸ ಬೇರ್ಪಡಿಸುವ ತಾಯಿಯ ಕೈಯನ್ನು ಎಷ್ಟು ಸಲ ಬರಿಗೈಯಾಗಿ ನಾವು ಕಂಡಿಲ್ಲ! ಆಕೆಗೂ ಮನೆಯಿದೆ, ಆಕೆಗೂ ಹಬ್ಬವಿದೆ. ಬೆರಳು ಕೊಯ್ದರೆ ಆಕೆಯ ಆ ವಾರದ ಸಂಪಾದನೆ ಹೋಗುತ್ತದೆ, ಸೋಂಕು ತಗುಲಿದರೆ ಇನ್ನೂ ಹೆಚ್ಚು.

ಇದಕ್ಕೆ ಪರಿಹಾರ ಬಹಳ ಸರಳ. ಮುಚ್ಚಳ ಭದ್ರವಾಗಿರುವ ಒಂದು ತಗಡಿನ ಡಬ್ಬಿ ತೆಗೆದುಕೊಳ್ಳಿರಿ. ಮುಚ್ಚಳದಲ್ಲಿ ಬ್ಲೇಡು ತೂರುವಷ್ಟು ಸೀಳು ಮಾಡಿ, ಸುತ್ತ ಅಂಟುಪಟ್ಟಿ ಹಾಕಿರಿ. ಡಬ್ಬಿಯ ಮೇಲೆ ದೊಡ್ಡದಾಗಿ "ಬ್ಲೇಡು" ಎಂದು ಬರೆದು ಮಕ್ಕಳ ಕೈಗೆ ಎಟುಕದ ಕಡೆ ಇಡಿರಿ. ಬ್ಲೇಡು ತೆಳು, ಒಂದು ಡಬ್ಬಿ ತುಂಬಲು ವರ್ಷಗಳೇ ಬೇಕು. ತುಂಬಿದ ಮೇಲೆ ಸೀಳನ್ನು ಮುಚ್ಚಿ, ಕಸ ಒಯ್ಯುವವರಿಗೆ ಒಳಗೇನಿದೆ ಎಂದು ಬಾಯಿಬಿಟ್ಟು ಹೇಳಿ ಪ್ರತ್ಯೇಕವಾಗಿ ಕೈಗೆ ಕೊಡಿರಿ. ಹೇಗೆ ಎಸೆದೆವು ಎಂಬುದೂ ನಮ್ಮ ಮನೆಯ ಮರ್ಯಾದೆಗೆ ಸೇರಿದ ವಿಷಯ.

ಪ್ರಿಯ ಸಹೋದರ ಸಹೋದರಿಯರೇ, ಒಂದು ಅಂಗೈಯಗಲದ ಉಪಕರಣ ಇಷ್ಟನ್ನು ನಮಗೆ ಕಲಿಸಬಲ್ಲದು. ಹೆಸರು ಕೇಳದೆ ಎಸೆಯಬೇಡಿ. ಕೊಳೆ ತೆಗೆಯುವ ಭರದಲ್ಲಿ ಚಿನ್ನವನ್ನು ತೆಗೆಯಬೇಡಿ. ಕೈ ಸವೆಸಿದ ಗುರುತನ್ನು ಅಳಿಸಬೇಡಿ. ಉಳಿಸಿದ್ದನ್ನು ಡಬ್ಬಿಯಲ್ಲಿ ಹೂಳಬೇಡಿ, ಬಳಸಿರಿ. ಎಸೆಯಲೇಬೇಕಾದದ್ದನ್ನು ಇನ್ನೊಬ್ಬರ ಕೈಗೆ ನೋವಾಗದಂತೆ ಎಸೆಯಿರಿ. ಈ ಬಾರಿಯ ಹಬ್ಬಕ್ಕೆ ನಮ್ಮ ಯಾವುದಾದರೊಂದು ಮನೆಯಲ್ಲಿ ಹದಿನೆಂಟರ ಹುಡುಗನೊಬ್ಬ ತಾತನ ರೇಜರ್ ಹಿಡಿದು, ಅಪ್ಪನನ್ನು ಪಕ್ಕಕ್ಕೆ ಕರೆದು, "ಹೇಗಪ್ಪಾ ಹಿಡಿಯೋದು, ತೋರ್ಸಿ" ಎಂದು ಕೇಳಿದರೆ, ನಾವು ಇಂದು ಇಲ್ಲಿ ಕೂತು ಮಾತಾಡಿದ್ದು ಸಾರ್ಥಕ.

ನಿಮ್ಮೆಲ್ಲರಿಗೂ, ನಿಮ್ಮ ಮನೆಯ ಹಿರಿಯರಿಗೂ ಕಿರಿಯರಿಗೂ ಹಬ್ಬದ ಹಾರ್ದಿಕ ಶುಭಾಶಯಗಳು.